ಕರಡಿಗೆಗೆ ಹೋಗುವ ಕೈ

ಬಾಗಿಲ ಕೆಳಗೆ ಒಂದು ಬೆಳಕಿನ ಗೆರೆ, ಗೆರೆಯ ನಡುವೆ ಎರಡು ಕಪ್ಪು ಕಲೆ, ಬಟ್ಟಲು ತೊಳೆಯುವ ಗೌಸಿಯಾ ಆಪಾಳ ಚಪ್ಪಲಿ ಅವು, ಅಂದರೆ ಇನ್ನೂ ನಿಂತೇ ಇದ್ದಾಳೆ, ಸ್ಟೂಲು ಕೊಟ್ಟರೆ ಬೇಡ ಅಂದಳು, ಕುಂತ್ರ ಕಣ್ಣ ಹತ್ತತಾವ್ರಿ ಮ್ಯಾಡಂ, ಯಾರರ ಬಂದು ಬಾಗಲಾ ತಗದ್ರ ನಿಮ್ಮ ಹಸರು ಬಣ್ಣ ಬೆಳಕಿಗೆ ಸತ್ತು ಹೋಗತದ — ಬೆಳಕಿಗೆ ಸಾಯುವ ಬಣ್ಣ, ಬೆಳಕು ಕೊಡಬೇಕಾದದ್ದೇ ಬೆಳಕಿಗೆ ಸಾಯುತ್ತದೆ ಅಂದರೆ ಎಂಥ ನಾಜೂಕು ಇದರದ್ದು, ಕತ್ತಲಲ್ಲಿಡಬೇಕು, ತಣ್ಣಗಿಡಬೇಕು, ಡಬ್ಬಿಗೆ ತಗಡಿನ ಹಾಳೆ ಸುತ್ತಬೇಕು, ಹೊಸ ಸೊಸೆಯನ್ನೂ ನಮ್ಮ ಕಡೆ ಇಷ್ಟು ಜೋಪಾನ ಮಾಡುವುದಿಲ್ಲ, ಆಡಿಸು, ಕೈ ನಿಲ್ಲಿಸಬೇಡ, ಆ ಕಡೆ ಈ ಕಡೆ, ಅಲ್ಲಾಡಿಸುವ ಯಂತ್ರ ದೀಪಾವಳಿಯಿಂದ ಕೆಟ್ಟು ಕೂತಿದೆ, ಜೇವರ್ಗಿಯಲ್ಲಿ ಅದನ್ನು ರಿಪೇರಿ ಮಾಡುವವರು ಯಾರು, ನಮ್ಮ ತೊಗರಿ ಸಂಶೋಧನಾ ಕೇಂದ್ರದಲ್ಲಿ ಯಂತ್ರ ಕೆಟ್ಟರೆ ಮನುಷ್ಯರೇ ಯಂತ್ರ, ಆ ಕಡೆ ಈ ಕಡೆ, ತೊಟ್ಟಿಲು ತೂಗಿದ ಹಾಗೆ, ಇರಲಿ, ಅಭ್ಯಾಸವಾಗಲಿ. ಒಳಗಿನದೂ ಆಡುತ್ತಿದೆ, ಎಡಗಡೆ ಪಕ್ಕೆಗೆ ಒಂದು ಒದೆ, ಸುಮ್ಮನಿರು ಮಾರಾಯ, ಅಥವಾ ಮಾರಾಯತಿ, ಇನ್ನು ಅರ್ಧ ಗಂಟೆ. ಮೂವತ್ತು ನಿಮಿಷ ನೆನೆಸಬೇಕು ಅಂತ ಬಣ್ಣದ ಜೊತೆ ಬಂದ ಚೀಟಿ ಹೇಳುತ್ತದೆ, ನಾಲ್ಕಕ್ಕೆ ಕರೆಂಟು ಹೋಗುತ್ತದೆ ಅಂತ ಜೇವರ್ಗಿ ಹೇಳುತ್ತದೆ, ಈಗ ಮೂರೂ ಕಾಲು. ಸೀಸೆಯಲ್ಲಿದ್ದ ಹೊಸ ಬಣ್ಣದ ಕಡೆಯ ಹನಿಯೂ ಈ ಡಬ್ಬಿಯಲ್ಲಿ, ಜೆಲ್ಲಿನ ಮೇಲಿದೆ. ಇವತ್ತು ಗೆರೆಗಳು ಕಂಡರೆ ಕಂಡವು, ಕಾಣದಿದ್ದರೆ ಚೀಲದಲ್ಲಿ ಮಡಿಚಿಟ್ಟ ಕಾಗದವಿದೆ, ರಾಜೀನಾಮೆ ಅಂತ ಮೇಲೆ ಬರೆದು ಎರಡು ಸಲ ಗೆರೆ ಎಳೆದಿದ್ದೇನೆ, ನಮ್ಮ ಮೇಲಿನವರು ವಾಮನ ಸರ್, ಅವರ ಮೇಜಿನ ಮೇಲಿಟ್ಟು ಐದರ ಬಸ್ಸಿಗೆ ಆಳಂದಕ್ಕೆ, ಅತ್ತೆಯ ಮನೆಗೆ ಹೋಗುವುದು.

ಮೂರು ವರ್ಷ ಹಳೆಯ ಬಣ್ಣದ ಜೊತೆಯೇ ಇದ್ದೆ, ಅದರ ಮೇಲೆ ಸಿಟ್ಟೂ ಇಲ್ಲ ನನಗೆ, ಸುಳ್ಳು ಯಾಕೆ, ಪ್ರೀತಿಯೇ ಇತ್ತು. ಮೊದಲ ದಿನ ಇದೇ ಕತ್ತಲ ಕೋಣೆ, ವಾಮನ ಸರ್ ದೀಪದ ಪೆಟ್ಟಿಗೆಯ ಗುಂಡಿ ಒತ್ತಿದರು, ಗಂಜಿ ಹೆಪ್ಪುಗಟ್ಟಿದಂತಿದ್ದ ಜೆಲ್ಲಿನ ಬಿಲ್ಲೆಯೊಳಗೆ ಕೇಸರಿ ಗೆರೆಗಳು ಎದ್ದು ನಿಂತವು, ಒಂದರ ಕೆಳಗೆ ಒಂದು, ಸೀರೆಯ ದಡಿಯ ಹಾಗೆ, ನೋಡವಾ ಶಾಂತಾ, ಹೊಲದಾಗ ನಿಂತ ತೊಗರಿ ಇದು, ಒಳಗಿಂದ ಹಿಂಗ ಇರತದ — ನನ್ನ ಹೆಸರು ಗುರುಶಾಂತಮ್ಮ, ಅಜ್ಜಿಯದು, ಅಷ್ಟು ಉದ್ದ ಕರೆಯುವುದರೊಳಗೆ ಜೆಲ್ಲು ಒಣಗಿ ಹೋಗತದ ಅಂತ ಸರ್ ಅವತ್ತೇ ಕತ್ತರಿಸಿದರು. ಡಿ.ಎನ್.ಎ.ಗೆ ತನ್ನದು ಅಂತ ಬಣ್ಣವಿಲ್ಲ, ನೀರಿನಲ್ಲಿ ನೀರು, ಅದನ್ನು ಕಾಣಿಸಬೇಕಾದರೆ ಇನ್ನೊಬ್ಬರು ಹೋಗಿ ಒಳಗೆ ಕೂರಬೇಕು, ಎಥಿಡಿಯಂ ಬ್ರೋಮೈಡ್, ಕೆಂಪು ಪುಡಿ, ನೀರಿಗೆ ಹಾಕಿದರೆ ಶರಬತ್ತು, ಅದು ಹೋಗಿ ಡಿ.ಎನ್.ಎ. ಏಣಿಯ ಮೆಟ್ಟಿಲು ಮೆಟ್ಟಿಲಿನ ಸಂದಿಯಲ್ಲಿ ಕೂತು ಬೆಳಗುತ್ತದೆ, ಅದರ ಗುಣವೂ ಅದೇ, ದೋಷವೂ ಅದೇ, ಏಣಿ ತೊಗರಿಯದೋ ಮನುಷ್ಯರದೋ ಅದಕ್ಕೇನು ಗೊತ್ತು, ಚರ್ಮದಿಂದ, ಬಾಯಿಯಿಂದ ಹೋದರೆ ನಮ್ಮ ಏಣಿಯಲ್ಲೂ ಕೂತೀತು, ಕೂತಲ್ಲಿ ನಕಲು ತಪ್ಪೀತು, ಆದಕಾರಣ ಕೈಗವಸು ಹಾಕು, ಎರಡು ಜೊತೆ ಹಾಕು, ಮುಖ ಮುಟ್ಟಬೇಡ, ಮೂಗು ಕೆರೆಯಬೇಡ. ಎಲ್ಲಾ ಪಾಲಿಸಿದೆ. ಮೂಗು ತುರಿಸಿ ತುರಿಸಿ ಕಣ್ಣಲ್ಲಿ ನೀರು ಬಂದರೂ ಮುಟ್ಟಲಿಲ್ಲ. ಮುಖ ಮುಟ್ಟಬೇಡ ಅಂದರು, ಎದೆ ಮುಟ್ಟಬೇಡ ಅಂತ ಯಾರೂ ಹೇಳಲಿಲ್ಲ, ಎದೆಯ ಮೇಲೆ ನಮಗೆ ಏನಿರುತ್ತದೆ ಅಂತ ಆ ಪುಸ್ತಕ ಬರೆದವರಿಗೆ ಹೇಗೆ ಗೊತ್ತಾಗಬೇಕು.

ಮಣ್ಣೂರಿನ ಹೊಳೆ. ಭೀಮಾ ತುಂಬಿದಾಗ ನೀರು ಚಹಾದ ಬಣ್ಣ, ಹರಗೋಲು ಗರಗರ ತಿರುಗುತ್ತದೆ, ನನಗೆ ಏಳು ವರ್ಷ, ಅಪ್ಪನ ಧೋತರದ ಚುಂಗು ಹಿಡಿದಿದ್ದೇನೆ, ಅಪ್ಪ ಅಂದರೆ ಶಾಂತಲಿಂಗಪ್ಪ ಮಾಸ್ತರ, ಅವರಿಗೂ ಈಜು ಬರುವುದಿಲ್ಲ ಅಂತ ಆಮೇಲೆ ಗೊತ್ತಾಯಿತು, ಚುಂಗು ಬಿಡವಾ, ನನ್ನ ಹಿಡದ್ರ ಇಬ್ರೂ ಮುಳುಗತೇವಿ, ಲಿಂಗ ಹಿಡಿ, ಅಂಜಿಕಿ ಬಂದ್ರ ಲಿಂಗ ಮುಟ್ಟು. ಮುಟ್ಟಿದೆ. ಆಗ ಲಿಂಗವಿರುವ ನನ್ನ ಕರಡಿಗೆ ಗೇಣುದಾರದಲ್ಲಿ ಗಂಟಲಿಗೇ ನೇತಾಡುತ್ತಿತ್ತು, ಬೆಳ್ಳಿಯದು, ಹುಣಸೆಬೀಜದ ಹಾಗೆ ನುಣ್ಣಗೆ, ತಣ್ಣಗೆ, ಹೆಬ್ಬೆರಳು ಅದರ ಮುಚ್ಚಳದ ಮೇಲೆ ಕೂತಿತು, ಕೂತದ್ದು ಕೂತೇಬಿಟ್ಟಿತು, ಆಚೆ ದಡ ಬಂದರೂ ತೆಗೆಯಲಿಲ್ಲ, ಎಸೆಸೆಲ್ಸಿ ಗಣಿತದ ದಿನ ಕೂತಿತು, ಅಫಜಲಪುರದ ಬಸ್ ಸ್ಟ್ಯಾಂಡಿನಲ್ಲಿ ಇವರು ಮೊದಲ ಸಲ ಮಾತಾಡಿಸಲು ಬಂದಾಗ ಕೂತಿತು, ಅಂಜಿಕೆಗೆ ಮಾತ್ರ ಅಲ್ಲ, ಸಂತೋಷಕ್ಕೂ ಅದೇ ಹಾದಿ, ತಟ್ಟನೆ ಏನಾದರೂ ಆದರೆ ಉಳಿದವರು ಅಯ್ಯೋ ಅನ್ನುತ್ತಾರೆ, ನನ್ನ ಕೈ ಕರಡಿಗೆಗೆ ಹೋಗುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು. ಲಗ್ನದ ಫೋಟೋ ನೋಡಿ ಇವರು ನಕ್ಕಿದ್ದರು, ಎಲ್ಲರೂ ಅಕ್ಕಿಕಾಳು ಒಗಿಯಾಕತ್ತಾರ, ನೀ ನೋಡು, ದಾಳಿ ಮಾಡಾಕ ಬಂದವರನ್ನ ಕಂಡಂಗ ಲಿಂಗ ಹಿಡಕೊಂಡು ನಿಂತಿ.

ಆಡಿಸು. ಕೈ ನಿಂತಿತ್ತು. ಎಷ್ಟಾಯಿತು, ಮುಳ್ಳು ಹಸಿರಾಗಿ ಕಾಣುತ್ತದೆ ಈ ಗಡಿಯಾರದ್ದು, ಮೂರೂ ಇಪ್ಪತ್ತೈದು — ಅವತ್ತೂ ಇಷ್ಟೇ ಹೊತ್ತು, ಐದನೇ ತಿಂಗಳು ತುಂಬಿ ಎರಡು ದಿನ, ಜೆಲ್ಲಿನ ಬಿಲ್ಲೆಯನ್ನು ಪೆಟ್ಟಿಗೆಯಲ್ಲಿ ಸರಿಪಡಿಸಲು ಬಗ್ಗಿದೆ, ಬಗ್ಗಿದಾಗ ಕರಡಿಗೆ ಏಪ್ರನ್ನಿನಿಂದ ಜಾರಿ ಹೊರಗೆ ಬಂತು, ತೂಗಾಡಿ ದೀಪದ ಮೇಲೆ ನಿಂತಿತು, ಬಿಳಿ ಶಿವದಾರದ ಮೇಲೆ, ಕರಡಿಗೆಗೆ ಒಂದಂಗುಲ ಮೇಲೆ, ಒಂದು ಕೇಸರಿ ಗುರುತು. ಕುಂಕುಮ ಇರಬೇಕು ಅಂದುಕೊಂಡೆ. ಕುಂಕುಮ ಈ ದೀಪಕ್ಕೆ ಬೆಳಗುವುದಿಲ್ಲ. ಅರಿಶಿನ ಅಂದುಕೊಂಡೆ, ಎಷ್ಟು ಬೇಗ ಎಷ್ಟು ಸುಳ್ಳು ಹುಡುಕುತ್ತದೆ ಮನಸ್ಸು, ಆಮೇಲೆ ಕರಡಿಗೆಯನ್ನೇ ತಿರುಗಿಸಿದೆ, ಮುಚ್ಚಳದ ಮೇಲೆ ಇನ್ನೊಂದು, ಹೆಬ್ಬೆಟ್ಟು, ಸಂತೆಯಲ್ಲಿ ನಿಂತು ಒತ್ತಿಸಿಕೊಂಡ ಹಾಗೆ ಸ್ಪಷ್ಟ, ನನ್ನ ಹೆಬ್ಬೆಟ್ಟು, ಕೇಸರಿ. ಕೈಗವಸಿನ ಬೆರಳು ಮೂರು ವರ್ಷ ಅಲ್ಲಿಗೆ ಹೋಗಿ ಬಂದಿದೆ, ಗೆರೆ ಚೆನ್ನಾಗಿ ಬಂದರೆ ಹೋಗಿದೆ, ಗೆರೆ ಬಾರದಿದ್ದರೆ ಹೋಗಿದೆ, ಸರ್ ಬೈದರೆ ಹೋಗಿದೆ, ನನಗೇ ಗೊತ್ತಿಲ್ಲದೆ. ಅಷ್ಟೇ ಆಗಿದ್ದರೆ ತೊಳೆದು ಬಿಡಬಹುದಿತ್ತು. ಮುಂಜಾನೆ ಮಿಂದು ಶಿವದಾರ ಹಿಡಿದು ಅದೇ ಕರಡಿಗೆಯ ಮುಚ್ಚಳ ತೆರೆಯುತ್ತೇನೆ, ಬರಿಗೈಯಿಂದ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ವಿಭೂತಿ ಹಚ್ಚುತ್ತೇನೆ, ಪತ್ರಿ ಏರಿಸುತ್ತೇನೆ, ನೀರು ಎರೆಯುತ್ತೇನೆ, ಅಂಗೈಯ ಕುಳಿಯಲ್ಲಿ ನಿಂತ ಆ ನೀರು ಪಾದೋದಕ, ಅದನ್ನು ಮೂರು ಸಲ ಸೇವಿಸುತ್ತೇನೆ, ದಿನಾ, ತಪ್ಪದೆ, ಬಸುರಿಯಾದ ಮೇಲೆ ಇನ್ನಷ್ಟು ಭಕ್ತಿಯಿಂದ, ಮೂರರ ಬದಲು ನಾಲ್ಕು ಗುಟುಕು, ನಾಲ್ಕನೆಯದು ಕೂಸಿಗೆ ಅಂತ. ಕೂಸಿಗೆ ಅಂತ ನಾನೇ ಎರೆದೆ.

ದೀಪ ಆರಿಸಿ ಈ ಮೂಲೆಯಲ್ಲೇ ಕೂತುಬಿಟ್ಟಿದ್ದೆ, ಬಾಗಿಲು ತೆಗೆದವಳು ಗೌಸಿಯಾ ಆಪಾ, ಬಟ್ಟಲು ತೊಳೆಯಲು ಬಂದಿದ್ದಳು, ಏನಾತ್ರಿ, ಹೊಟ್ಟಿ ನೋಯಾಕತ್ತದೇನು, ಇಲ್ಲ ಅಂದೆ, ತೋರಿಸಿದೆ, ಅವಳು ಕರಡಿಗೆ ಮುಟ್ಟಲಿಲ್ಲ, ನಮ್ಮ ದೇವರು ಅಂತ ದೂರದಿಂದಲೇ ಬಗ್ಗಿ ನೋಡಿದಳು, ಆಮೇಲೆ ತನ್ನ ಕೈ ನೋಡಿಕೊಂಡಳು, ಹನ್ನೊಂದು ವರ್ಷ ಬರಿಗೈಯಲ್ಲಿ ಇಲ್ಲಿಯ ಬಟ್ಟಲು ತೊಳೆದ ಕೈ, ದೀಪದ ಮುಂದೆ ಹಿಡೀಲೇನ್ರಿ ನಾನೂ ಅಂದಳು, ಹಿಡಿದಳು, ಉಗುರಿನ ಸಂದಿಯಲ್ಲೆಲ್ಲ ಸಣ್ಣಗೆ ಕೇಸರಿ. ಆಮೇಲೆ ಅವಳೇ ಎದ್ದು ಸಾಬೂನು ತಂದಳು, ಮೊದಲು ನನ್ನ ಕೈ ತೊಳೆದಳು, ಆಮೇಲೆ ತನ್ನದು. ಕಲಬುರಗಿಯ ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರ ಆಡಿಸಿ ಎಲ್ಲಾ ಸರಿ ಅದವಾ ಅಂದರು, ಆ ಬಣ್ಣದ ಹೆಸರು ಏನಂದಿ, ಬರದು ಕೊಡು — ನಾನೇ ಬರೆದುಕೊಟ್ಟೆ, ಅವರು ಕನ್ನಡಕ ಏರಿಸಿ ಓದಿ ಮಡಿಚಿ ಇಟ್ಟುಕೊಂಡರು. ವಾಮನ ಸರ್ ಪುಸ್ತಕ ತಿರುವಿದರು, ಮನುಷ್ಯರ ಕೂಸಿಗೆ ಹಿಂಗಿಂಗ ಆತು ಅಂತ ಎಲ್ಲೂ ಬರದಿಲ್ಲವಾ, ಆಗೂದಿಲ್ಲ ಅಂತನೂ ಬರದಿಲ್ಲ, ಖರೆ ಹೇಳತೇನಿ, ನನಗ ಗೊತ್ತಿಲ್ಲ. ನನಗೆ ಕಲಿಸಿದವರು, ಅವರ ಬಾಯಲ್ಲಿ ಆ ಮಾತು ಅದೇ ಮೊದಲು. ಕೆಲಸದ ಹೊತ್ತಿನಾಗ ಅದನ್ನ ತಗದು ಇಡಾಕ ಬರೂದಿಲ್ಲೇನು ಅಂದರು, ಬಾಯಿಂದ ಬಂದ ಮೇಲೆ ನಾಲಿಗೆ ಕಚ್ಚಿಕೊಂಡರು, ಜನಿವಾರ ತಗದು ಗೂಟಕ್ಕ ಹಾಕತೀರೇನ್ರಿ ಸರ್ ಅಂತ ನಾನು ಕೇಳಲಿಲ್ಲ, ಲಿಂಗ ಮೈಯಿಂದ ಅಗಲಬಾರದು, ಉಸಿರಿರುವ ತನಕ, ಅದು ಅವರಿಗೂ ಗೊತ್ತು. ಸರಿ, ಹಂಗಾದ್ರ ಕೈಗೆ ಬುದ್ಧಿ ಹೇಳು.

ಹೇಳಿದೆನಲ್ಲ ಬುದ್ಧಿ. ಕರಡಿಗೆಯನ್ನು ರವಿಕೆಯೊಳಗೆ ಸೇರಿಸಿ ಪಿನ್ನು ಹಾಕಿದೆ, ಕೈ ಪಿನ್ನಿನ ಮೇಲೆ ಕೂತಿತು, ಶಿವದಾರ ಉದ್ದ ಮಾಡಿ ಸೊಂಟಕ್ಕೆ ಇಳಿಸಿದೆ, ಅಲ್ಲಿಗೂ ಹೋಯಿತು, ಏಪ್ರನ್ನಿನ ಮೇಲೆ ಎದೆಗೆ ಒಂದು ಪ್ಲಾಸ್ಟಿಕ್ ಹಾಳೆ ಹೊಲಿಸಿಕೊಂಡು ಬಂದೆ, ಸಂಜೆ ದೀಪಕ್ಕೆ ಹಿಡಿದರೆ ಹಾಳೆಯ ತುಂಬ ಕೇಸರಿ ಬೆರಳು, ಬಾಣಂತಿಯ ಮನೆಗೆ ಬಂದು ಹೋದ ನೊಣದ ಹಾಗೆ ಲೆಕ್ಕವೇ ಇಲ್ಲ, ಆ ದಿನ ನನ್ನ ಕೈಯನ್ನೇ ನಾನು ಬೈದೆ, ಲೇ ಮೂಳಾ ಅಂದೆ ಅದಕ್ಕೆ. ಅತ್ತೆಗೆ ಹೇಳಿದ್ದು ಕುಬಸದ ದಿನ, ಬಸುರಿಗೆ ಉಡಿ ತುಂಬುವ ದಿನ, ಆಳಂದದ ಮನೆ, ಹಸಿರು ಸೀರೆ, ಹಸಿರು ಕುಬಸ, ಓಣಿಯ ಹೆಂಗಸರೆಲ್ಲ ಹಾಡಿ ಉಂಡು ಹೋದ ಮೇಲೆ ಅತ್ತೆ ಸುಭದ್ರಾಬಾಯಿ ನನ್ನ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು, ಹಸಿರು ಬಳೆ ಡಜನ್ ಡಜನ್ ಏರಿಸಿದ ಕೈ, ಆಗ ಅಳು ಬಂತು, ಎಲ್ಲಾ ಹೇಳಿದೆ, ಕೇಸರಿ, ಹೆಬ್ಬೆಟ್ಟು, ನಾಲ್ಕನೇ ಗುಟುಕು, ಅವರು ಹೌಹಾರುತ್ತಾರೆ ಅಂತ ಕಾದೆ, ಅವರು ಬಹಳ ಹೊತ್ತು ಬಳೆಗಳನ್ನು ಒಂದೊಂದಾಗಿ ಹಿಂದೆ ಮುಂದೆ ಸರಿಸಿದರು. ಲಿಂಗಕ್ಕ ಏನೂ ಆಗೂದಿಲ್ಲ ಬೇ ಶಾಂತವ್ವಾ, ಅದರ ಚಿಂತಿ ಬಿಡು, ಆದ್ರ ಶಿವ ಇಸಾ ಕುಡದು ಗಂಟಲದಾಗ ಇಟಗೊಂಡ, ನೀ ಏನ್ ಶಿವ ಏನು, ನಿಂದು ಸೀದಾ ಹೊಟ್ಟಿಗಿ ಇಳೀತದ. ನಗಬೇಕೋ ಅಳಬೇಕೋ, ಎರಡೂ ಆಯಿತು, ಅವರೂ ಸೆರಗಿನಿಂದ ಮೂಗು ಒರೆಸಿಕೊಂಡರು. ಹಳೆಯ ಶಿವದಾರ ತೆಗೆಸಿ ತಮ್ಮ ಕೈಯಾರೆ ಹೊಸೆದ ಹೊಸದು ಹಾಕಿದರು, ಕರಡಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಕನ್ನಡಿ ಮಾಡಿದರು, ನೌಕರಿ ಬಿಡು ಅಂತ ಅನ್ನಲಿಲ್ಲ, ಇವರೂ ಅನ್ನಲಿಲ್ಲ, ಇವರು ಹಣಮಂತರಾಯರು, ಭೂಸನೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ತಪಾಸಣೆ ಮಾಡುತ್ತಾರೆ, ನಮ್ಮಲ್ಲಿ ಬಾ, ಸಕ್ರಿ ಬಿಟ್ರ ಮೈಗೆ ಬ್ಯಾರೆ ಏನೂ ಹತ್ತೂದಿಲ್ಲ, ಭಾಳಂದ್ರ ಇರಿವಿ ಬೆನ್ನ ಹತ್ತತಾವ ಅಂತ ನಗಿಸಿದರು, ನಗಿಸಿ ಆ ಕಡೆ ಮುಖ ಮಾಡಿ ಮಲಗಿದರು, ನಿದ್ದೆ ಬಂದಿರಲಿಲ್ಲ ಅವರಿಗೆ, ಬೆನ್ನು ನೋಡಿದರೆ ನನಗೆ ತಿಳಿಯುತ್ತದೆ.

ಬಿಡು ಅಂದಿದ್ದರೆ ಜಗಳ ಮಾಡಿ ಉಳಿಯಬಹುದಿತ್ತು, ಯಾರೂ ಅನ್ನಲಿಲ್ಲ, ಅದಕ್ಕೇ ನಾನೇ ಅನ್ನಬೇಕಾಯಿತು. ನಾಡಿದ್ದು ಸೋಮವಾರ, ಎಂಟನೇ ತಿಂಗಳು, ಮಠದ ಅಯ್ಯನವರು ಆಳಂದದ ಮನೆಗೆ ಬರುತ್ತಾರೆ, ಹೊಟ್ಟೆಯೊಳಗಿನ ಕೂಸಿಗೆ ಲಿಂಗ ಕಟ್ಟುತ್ತಾರೆ, ಹುಟ್ಟುವ ತನಕ ಅದನ್ನು ನಾನೇ ಧರಿಸಬೇಕು, ನನ್ನದರ ಪಕ್ಕದಲ್ಲಿ, ಅಪ್ಪ ಮಣ್ಣೂರಿನಿಂದ ಪತ್ರಿ ತರುತ್ತೇನೆ ಅಂತ ಕಾಗದ ಹಾಕಿದ್ದಾರೆ, ಅತ್ತೆ ಆಗಲೇ ಸಣ್ಣ ಶಿವದಾರ ಹೊಸೆದು ಡಬ್ಬಿಯಲ್ಲಿಟ್ಟಿದ್ದಾರೆ, ನಾಡಿದ್ದಿನಿಂದ ಈ ಎದೆಯ ಮೇಲೆ ಎರಡು. ರಜೆ ಹಾಕಿದರೆ ಮೂರು ತಿಂಗಳು, ಆಮೇಲೆ ಮತ್ತೆ ಇದೇ ಕೋಣೆ, ಇದೇ ಕೈ, ಹಾಲು ಕುಡಿಯುವ ಕೂಸು. ಕೈಯನ್ನು ಬದಲಿಸಲು ಆಗುವುದಿಲ್ಲ, ಎರಡು ತಿಂಗಳ ಮೇಲೆ ಹೊಡೆದಾಡಿ ನೋಡಿದೆ, ಹಾಗಾದರೆ ಬಣ್ಣ ಬದಲಾಗಬೇಕು, ಇಲ್ಲ ನಾನು ಇಲ್ಲಿರಬಾರದು, ಎರಡೇ ಹಾದಿ. ಆದರೆ ನನ್ನ ಗೆರೆ — ಅತನೂರಿನ ಒಂದು ಹೊಲದಲ್ಲಿ ನೆಟೆ ರೋಗ ಬಂದು ಸುತ್ತಲಿನ ತೊಗರಿಯೆಲ್ಲ ನಿಂತಲ್ಲೇ ಒಣಗಿದಾಗ ಹನ್ನೆರಡು ಗಿಡ ಹೂ ಬಿಟ್ಟುಕೊಂಡು ನಿಂತಿದ್ದವು, ಅವುಗಳ ಜೆಲ್ಲಿನಲ್ಲಿ ಮೇಲಿನಿಂದ ಮೂರನೇ ಗೆರೆ, ಸತ್ತ ಗಿಡಗಳಲ್ಲಿ ಆ ಗೆರೆ ಇಲ್ಲ, ಮೂರು ವರ್ಷ ಅದನ್ನೇ ಹಿಂಬಾಲಿಸಿದ್ದೇನೆ, ಇನ್ನೆರಡು ಹಂಗಾಮು ನೋಡಿದರೆ ಬೀಜ ಬಿತ್ತುವ ಮೊದಲೇ ಇದು ಬದುಕುತ್ತದೆ ಅಂತ ಹೇಳಬಹುದು. ಎಳ್ಳಮಾಸಿಗೆ ಆ ಹೊಲಕ್ಕೆ ಹೋಗಿದ್ದೆ, ಸಜ್ಜೆ ಕಡುಬು, ಭಜ್ಜಿ ಉಂಡು ಆ ಗಿಡಗಳ ನಡುವೆ ನಿಂತರೆ ಹಳದಿ ಹೂ ಹೊಟ್ಟೆಗೆ ತಾಗಿತು, ಇವೂ ನನ್ನವೇ ಅನ್ನಿಸಿತು, ಎರಡನ್ನೂ ಹೆರಲು ಬಿಡಿ ಅಂತ ಯಾರನ್ನು ಕೇಳುವುದು.

ಹೈದರಾಬಾದಿನ ಕಾರ್ಯಾಗಾರದಿಂದ ವಾಮನ ಸರ್ ಈ ಸೀಸೆ ತಂದಾಗ ಐಸಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದರು, ಧೋತರದ ಮನುಷ್ಯ, ತೊಡೆಯೆಲ್ಲ ಒದ್ದೆ, ಮಂದಿ ಏನಂದಾರೋ ಅಂತ ಎದ್ದು ನಿಲ್ಲಲೇ ಇಲ್ಲಂತೆ, ಮುಟಗಿಯಷ್ಟು ಬೇಡಿ ತಂದೇನವಾ, ಹೊಸಾ ಬಣ್ಣ, ಹಸರು ಬೆಳಗತದ, ಪರೀಕ್ಷಾದಾಗ ಹಳೇದಕ್ಕಿಂತ ಭಾಳ ಕಡಿಮಿ ಕೆಟ್ಟದು ಅಂತ ಕಂಡದ, ಕಡಿಮಿ ಕೆಟ್ಟದು ಅಂದೆ, ಒಳ್ಳೇದು ಅನಲಿಲ್ಲ, ಹಾಲಲ್ಲ ಇದು. ಅವತ್ತು ಅವರ ಕಾಲು ಮುಟ್ಟಬೇಕೆನಿಸಿತು. ಹೋದ ಸೋಮವಾರ ಅರ್ಧ ಸೀಸೆ ಹಾಕಿ ನೋಡಿದರೆ ಏನೂ ಇಲ್ಲ, ಕತ್ತಲೆ, ಫೋಟೋ ಮಸಿ, ಎರಡು ಸಲ ತೆಗೆದರೂ ಮಸಿ, ಸರ್ ಬಹಳ ಹೊತ್ತು ದೀಪದ ಪೆಟ್ಟಿಗೆಯ ಮುಂದೆ ಬಗ್ಗಿ ನಿಂತರು, ಆಮೇಲೆ ನಮ್ಮ ದೀಪಕ್ಕ ಇದು ಒಗ್ಗೂದಿಲ್ಲ, ಹಳೇದೇ ಗತಿ ಅಂದರು, ನನ್ನ ಮುಖ ನೋಡದೆ ಹೋದರು. ರಾಜೀನಾಮೆ ಬರೆದದ್ದು ಅವತ್ತು ಸಂಜೆ. ನಿನ್ನೆ ಗೌಸಿಯಾ ಆಪಾ ಪೆಟ್ಟಿಗೆ ಒರೆಸುತ್ತ ತನ್ನಷ್ಟಕ್ಕೆ ಅಂದಳು, ಮ್ಯಾಡಂ, ಕೇಸರಿ ಗಾಜಿನ ಹಿಂದ ಹಸರು ಹ್ಯಾಂಗ ಕಾಣಬೇಕ್ರಿ. ಏನಂದೆ ಆಪಾ? ಅಲ್ರೀ, ಈ ಪೆಟಗಿಗೆ ನೀವು ಕೇಸರಿ ಗಾಜು ಹಾಕೀರಿ, ಅದರಾಗಿಂದನೇ ನೋಡತೀರಿ, ಫೋಟೋ ತಗಿಯೂದಕ್ಕೂ ಕೇಸರಿ ಗಾಜು, ಕೇಸರಿ ಬಣ್ಣಾ ಇದ್ದಾಗ ಬರೋಬರಿ — ನಮ್ಮ ಬಾಬಾ, ಅಂದ್ರ ಅಪ್ಪ, ಬಂದೇನವಾಜ, ಆಳಂದದಾಗ ಬಟ್ಟಿಗೆ ಬಣ್ಣಾ ಹಾಕೂ ರಂಗರೇಜ ಇದ್ದ, ದರ್ಗಾಕ್ಕ ಏರಸೂ ಚಾದರ, ಗಲೇಫ, ಅದರ ಹಸರು ನಮ್ಮನ್ಯಾಗೇ ಅದ್ದೂದು, ಹೊಸಾ ಮನ್ಯಾಗ ಕಿಡಕಿಗೆ ಬಣ್ಣದ ಗಾಜಿದ್ವು, ಕೆಂಪು ಕೇಸರಿ, ಬಾಬಾ ಒಳಗ ನಿಂತು ನೋಡತಾನ, ಗಲೇಫ ಕರ್ರಗ ಕಾಣತದ, ಬಣ್ಣ ಕಡಿಮಿ ಬಿತ್ತು ಅಂತ ಮತ್ತ ಅದ್ದತಾನ, ಮತ್ತ ಕರ್ರಗ, ಮತ್ತ ಅದ್ದತಾನ, ಹೊರಗ ತಂದು ಬಿಸಲಾಗ ಹಾಸಿದ್ರ ಹಸರು ಹಸರಂದ್ರ ಬೆಂಕಿ ಹಸರು, ಯಾರೂ ಏರಸಲಿಲ್ಲ ಅದನ್ನ, ಮನ್ಯಾಗ ಹೊಚಗೊಂಡು ಮಲಗಿದ್ವಿ ಎಲ್ಲಾರೂ, ಮರದಿವಸ ಬಾಬಾ ಕಲ್ಲು ತಗೊಂಡು ಆ ಗಾಜು ಒಡದ ಹಾಕಿದ.

ನಾನೂ ವಾಮನ ಸರ್ರೂ ಎಷ್ಟು ಓದಿದವರು, ದೀಪವನ್ನು ಬೈದೆವು, ಬಣ್ಣವನ್ನು ಬೈದೆವು, ಕಣ್ಣ ಮುಂದಿನ ಗಾಜನ್ನು ನೋಡಲಿಲ್ಲ, ಹನ್ನೊಂದು ವರ್ಷ ಬಟ್ಟಲು ತೊಳೆದವಳಿಗೆ ಕಂಡಿತು, ಆಪಾಳನ್ನು ತಬ್ಬಿಕೊಂಡೆ, ಹೊಟ್ಟಿ ಹೊಟ್ಟಿ ಜೋಪಾನ ಅಂತ ಅವಳೇ ಹಿಂದೆ ಸರಿದಳು. ಗಾಜಿಲ್ಲದೆ ಈ ದೀಪ ನೋಡಿದರೆ ಕಣ್ಣು ಸುಡುತ್ತದೆ, ಅದಕ್ಕೇ ಆಚೆ ಕಾಣುವ ಪ್ಲಾಸ್ಟಿಕ್ಕಿನ ಮುಖವಾಡ, ಅದರ ಮೇಲೆ ಹಳದಿ ಬಣ್ಣದ ಕಾಗದ, ಪಾರದರ್ಶಕವಾದದ್ದು, ಉಡುಗೊರೆಗೆ ಸುತ್ತುತ್ತಾರಲ್ಲ ಅದು, ಅವಳ ಮಗಳ ಲಗ್ನದ ಮಿಠಾಯಿ ಬುಟ್ಟಿಯದು, ಹಳದಿ ಆದ್ರ ಹಸರನ್ನ ತಿನ್ನೂದಿಲ್ರಿ, ಗಂಧೆಣ್ಣೆಯ ವಾಸನೆ ಇನ್ನೂ ಇದೆ ಅದರಲ್ಲಿ. ಬಳೆಗಳಿಗೂ ಅವಳೇ ಹಾದಿ ಹುಡುಕಿದಳು, ಹಸಿರು ಬಳೆ ತೆಗೆಯುವ ಹಾಗಿಲ್ಲ, ಹಾಕಿಕೊಂಡರೆ ಕೈಗವಸು ಹರಿಯುತ್ತದೆ, ಹಳೆಯ ದುಪಟ್ಟಾ ಹರಿದು ಮುಂಗೈಗೆ ಸುತ್ತಿ ಗಂಟು ಹಾಕಿದಳು, ದಿನಾ ಮುಂಜಾನೆ ಸುತ್ತುತ್ತಾಳೆ, ಸುತ್ತುವಾಗ ಅವಳ ತುಟಿ ಏನೋ ಅನ್ನುತ್ತಿರುತ್ತದೆ, ಏನು ಅಂತ ನಾನು ಕೇಳಿಲ್ಲ. ಮೂರೂ ಮುಕ್ಕಾಲು. ಆಯಿತು. ಡಬ್ಬಿ ತೆಗೆ, ಬಣ್ಣದ ನೀರು ಬಗ್ಗಿಸು, ಜೆಲ್ಲು ಎತ್ತು, ಮೆಲ್ಲಗೆ, ಹಪ್ಪಳದ ಹಿಟ್ಟು ಎತ್ತಿದ ಹಾಗೆ, ಅಯ್ಯೋ — ಮೂಲೆ ಹರಿಯಿತು, ಡಿ.ಎನ್.ಎ. ತುಂಬಿದ ಕುಳಿಗಳಿರುವ ಮೂಲೆ, ಚೂರು ಹೆಬ್ಬೆರಳಿಗೆ ಅಂಟಿಕೊಂಡಿತು, ಹೋಗಲಿ, ಗೆರೆಗಳಿರುವುದು ಕೆಳಗೆ. ಕೇಸರಿ ಗಾಜು ಕೆಳಗಿಳಿಸಿಟ್ಟೆ. ಮುಖವಾಡ ಹಾಕಿದೆ, ಕತ್ತಲು ಹಳದಿಯಾಗಲಿಲ್ಲ, ಕತ್ತಲೇ ಇದೆ. ಆತೇನ್ರಿ, ಬಾಗಿಲ ಆಚೆಯಿಂದ, ಪಿಸುಮಾತು, ಇಲ್ಲ ಆಪಾ, ತಡಿ, ಒಂದು ನಿಮಿಷ.

ಗುಂಡಿ ಹುಡುಕಬೇಕು, ಹೊಟ್ಟೆ ಮೇಜಿಗೆ ಅಡ್ಡ ಬರುತ್ತದೆ, ಪಕ್ಕಕ್ಕೆ ತಿರುಗಿ ಬಗ್ಗು, ಕಾಣದಿದ್ದರೆ ಕಾಗದ ಚೀಲದಲ್ಲಿದೆ, ಐದರ ಬಸ್ಸು, ಅತ್ತೆ ಬಾಗಿಲಲ್ಲಿ ನಿಂತಿರುತ್ತಾರೆ, ಏನೂ ಕೇಳುವುದಿಲ್ಲ, ನೀರು ಕೊಡುತ್ತಾರೆ, ಹರಗೋಲು ತಿರುಗುತ್ತದೆ ಗರಗರ, ಚುಂಗು ಬಿಡವಾ, ಒತ್ತು — ನೇರಳೆ ಬೆಳಕು, ಬಿಲ್ಲೆ, ಬರೀ ಬಿಲ್ಲೆ, ಏನಿಲ್ಲ, ಮಸಿ, ಇಲ್ಲ, ತಡಿ, ಕಣ್ಣು ಒಗ್ಗಲಿ, ಮಂಜು, ಮಂಜಿನೊಳಗೆ ಒಂದು ಗೆರೆ, ಇಲ್ಲ ನನ್ನ ಆಸೆಯೇ ಗೆರೆಯಾಗಿ ಕಾಣುತ್ತಿದೆ, ಎರಡು, ಒಂದರ ಕೆಳಗೆ ಇನ್ನೊಂದು, ಹಸಿರು, ಎಳೆ ತೊಗರಿ ಕಾಯಿ ಸುಲಿದ ಹಸಿರು, ಸಾಲು ಸಾಲು, ಮೇಲಿನಿಂದ ಒಂದು, ಎರಡು, ಮೂರು, ಮೂರನೆಯದು ಇದೆ, ಅತನೂರಿನ ಗಿಡಗಳಲ್ಲಿ ಇದೆ, ಸತ್ತವುಗಳಲ್ಲಿ ಇಲ್ಲ, ಕೇಸರಿಯಲ್ಲಿ ಕಂಡದ್ದಕ್ಕಿಂತ ಚೊಕ್ಕ, ಆಪಾ, ಆಪಾ ಬಂತು, ಬಂತೇ ಆಪಾ, ಬಾಗಿಲ ಆಚೆ ಅವಳು ಅಲ್ಲಾ ಅಂದಳು, ಒಳಗಿನದು ಒದೆಯಿತು, ಎರಡು ಸಲ, ನಾಡಿದ್ದು ಅಪ್ಪನಿಗೆ ಹೇಳಬೇಕು, ಕಾಗದ ಹರಿಯಬೇಕು, ಆಪಾಳ ಕೈಯನ್ನು ಇದೇ ದೀಪಕ್ಕೆ ಹಿಡಿದು — ಎದೆಗೆ ತಣ್ಣಗಾಯಿತು. ತಣ್ಣಗೆ ಯಾಕೆ. ಬಗ್ಗಿದವಳು ಬಗ್ಗಿಯೇ ಇದ್ದೇನೆ, ಕರಡಿಗೆ ಏಪ್ರನ್ನಿನಿಂದ ಹೊರಗೆ ಬಂದು ದೀಪದ ಮೇಲೆ ತೂಗುತ್ತಿದೆ, ನಾನು ಮುಟ್ಟಿಲ್ಲ, ಮುಟ್ಟಿದ್ದು ಯಾವಾಗ, ಕೈಯನ್ನು ನಾನು ಕಳಿಸಲಿಲ್ಲ, ಅದೇ ಹೋಗಿ ಬಂದಿದೆ, ಒರೆಸಬೇಕು, ಒರೆಸುತ್ತೇನೆ, ಹಾಲಲ್ಲ ಇದು, ಕಡಿಮೆ ಕೆಟ್ಟದ್ದು, ತೊಳೆಯುತ್ತೇನೆ, ನಾಡಿದ್ದು ಇದರ ಪಕ್ಕದಲ್ಲಿ ಇನ್ನೊಂದು ಬರುತ್ತದೆ, ಸಣ್ಣದು, ಅದನ್ನೂ ಮುಟ್ಟುತ್ತದೆ ಈ ಕೈ, ಮುಟ್ಟದೆ ಇರುವುದಿಲ್ಲ — ತೂಗುವುದು ನಿಂತಿತು, ಮುಚ್ಚಳ ಈ ಕಡೆ ತಿರುಗಿತು, ಕೇಸರಿ ಇದ್ದ ಜಾಗದಲ್ಲೇ, ಅದೇ ಓರೆ, ಅದೇ ಗಾತ್ರ, ನನ್ನ ಹೆಬ್ಬೆಟ್ಟು, ಹಸಿರು.